ಗಿಳಿ ಓಡಿಸುವ ಫೋನು

ಹನೂರು ಬಸ್ ಸ್ಟ್ಯಾಂಡ್ ಎದುರಿನ ನನ್ನ ಮೊಬೈಲ್ ಅಂಗಡಿಗೆ ಅಜ್ಜೀಪುರದ ಚಿಕ್ಕನಿಂಗಮ್ಮ ಬಂದರು. ಹೊಸದಾಗಿ ಬಂದಿದ್ದ ಫೋನನ್ನೂ ಅದಕ್ಕೆ ಪೈಪೋಟಿ ಕೊಡುವ ಇನ್ನೊಂದನ್ನೂ ಮುಂದಿಟ್ಟು, ಕ್ಯಾಮೆರಾ, ಬ್ಯಾಟರಿ, ಸ್ಕ್ರೀನು ಎಂದು ಅರ್ಧ ಗಂಟೆ ಗಂಟಲು ಹರಿದುಕೊಂಡೆ.

"ಅವೆಲ್ಲ ಇರ್ಲಿ ಸಾ. ಯಾವ್ದು ಜೋರಾಗಿ ಕೂಗ್ತದೆ?" ಎಂದರು.

ನನಗೆ ರೇಗಿತು. "ಯಾರ್ನ ಕೂಗ್ಬೇಕವ್ವ ನಿಮ್ಗೆ?"

"ಗಿಳಿಗಳ್ನ. ಜ್ವಾಳದ ತೆನೇಲಿ ಒಂದ್ ಕಾಳೂ ಉಳುಸ್ತಿಲ್ಲ. ನನ್ ಕೂಗ ಇದ್ರಲ್ಲಿ ತುಂಬ್ಸಿ ಮರಕ್ಕೆ ಕಟ್ಬುಟ್ರೆ, ನಾನು ಕಳೆ ಕೀಳ್ಬೋದು."

ಎರಡರಲ್ಲೂ ಅವರ "ಓಯ್, ಓಯ್!" ರೆಕಾರ್ಡ್ ಮಾಡಿದೆ. ಹೊಸ ಫೋನು ಕೂಗಿದಾಗ ಬಾಗಿಲಲ್ಲಿ ಮಲಗಿದ್ದ ನಾಯಿ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಇನ್ನೊಂದು ಕೂಗಿದ್ದೇ ತಡ, ನಾಯಿ ರಸ್ತೆ ದಾಟಿ ಓಡಿತು. ಆಗಲೇ ಹೊರಟಿದ್ದ ಅಜ್ಜೀಪುರದ ಬಸ್ಸು ಗಕ್ಕನೆ ನಿಂತಿತು. ಕಂಡಕ್ಟರ್ ತಲೆ ಹೊರಹಾಕಿ, "ಯಾರವ್ವ ಕೂಗಿದ್ದು? ಬಿರ್ನೆ ಬಸ್ ಅತ್ತಿ!" ಎಂದ.

ಚಿಕ್ಕನಿಂಗಮ್ಮ ಎರಡನೆಯ ಫೋನನ್ನು ಎತ್ತಿಕೊಂಡರು.

"ಇದೇ ಇರ್ಲಿ ಸಾ. ಗಿಳಿ ಓಡ್ಸಕ್ಕೂ ಆಯ್ತು, ಬಸ್ ನಿಲ್ಸಕ್ಕೂ ಆಯ್ತು."