ಬಿಡಿಸದ ಕೊಂಡಿ

"ಕಾಲು ಮೆಲ್ಲಗೆ ಇಡ್ರಪ್ಪಾ," ಎಂದು ಹೆಣ ಹೊರಲು ಬಂದವರನ್ನು ಮಗಳು ಬಾಗಿಲಲ್ಲೇ ತಡೆದಳು.

ಮನೆಯ ಕೆಳಗೆ, ನೆಲಮಾಳಿಗೆಯಲ್ಲಿ, ಭೂಕಂಪ ದಾಖಲಿಸುವ ಯಂತ್ರವಿತ್ತು. ಅಪ್ಪ ಅದರ ಅಳತೆ ಸರಿನೋಡುತ್ತಲೇ ತಲೆ ನರೆಸಿಕೊಂಡವನು. ಮೇಲೆ ಯಾರಾದರೂ ಧಡಧಡ ನಡೆದರೆ ಕೆಳಗೆ ಗೆರೆ ಕುಣಿಯುತ್ತಿತ್ತು, ಅಪ್ಪನ ಹುಬ್ಬು ಗಂಟಿಕ್ಕುತ್ತಿತ್ತು. ನಿನ್ನೆ ಯಂತ್ರವನ್ನು ಸಮ ಕೂರಿಸುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದಿದ್ದ.

"ಇನ್ನು ಯಾರಿಗೆ ಹೆದರ್ತೀಯೇ?" ಎಂದಳು ಚಿಕ್ಕಮ್ಮ. "ಬೈಯೋನೇ ಮಲಗಿದಾನಲ್ಲ."

* * *

ಅವಳಿನ್ನೂ ಚಿಕ್ಕವಳು ಆಗ. ಯಂತ್ರವನ್ನು ಎತ್ತಿ ಸಮ ಕೂರಿಸುವಾಗ ಒಳಗಿನ ಗುಂಡು ಅಲುಗದಂತೆ ಕೊಂಡಿ ಹಾಕಬೇಕು. ಕೂರಿಸಿದ ಮೇಲೆ ಮರೆಯದೆ ಬಿಡಿಸಬೇಕು, ಇಲ್ಲದಿದ್ದರೆ ನೆಲ ನಡುಗಿದರೂ ಗೆರೆ ಅಲುಗದು. ಅಪ್ಪ ಕೊಂಡಿ ಹಾಕಿದ್ದನಷ್ಟೆ, ಅವಳು ಮೆಟ್ಟಿಲಿಳಿದು ಓಡಿಬಂದಳು.

"ಅಪ್ಪಾ, ಅಮ್ಮ ಬಿದ್ದುಬಿಟ್ಟಳು."

ಅಪ್ಪ ಎಲ್ಲ ಬಿಟ್ಟು ಓಡಿದ. ಅಮ್ಮ ಏಳಲಿಲ್ಲ. ಮರುದಿನ ನಸುಕಿನಲ್ಲಿ ಭೂಮಿ ನಡುಗಿ, ಗುಡ್ಡದಾಚೆಯ ಊರಿಗೆ ಊರೇ ನೆಲಕ್ಕೊರಗಿತು. ಜೀವಮಾನವೆಲ್ಲ ಅಪ್ಪ ಕಾದಿದ್ದ ಕಂಪನ ಅದು. ಹಾಳೆಯ ಮೇಲೆ ಮಾತ್ರ ಅಡಿಕೋಲಿಟ್ಟು ಎಳೆದಂಥ ನೇರ ಗೆರೆ.

ಅವಳಿಗೆ ಅಪ್ಪ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅತ್ತು ಹಗುರಾಗುತ್ತಿದ್ದಳು. ಅಂದಿನಿಂದ ಆ ಮನೆಯಲ್ಲಿ ತುದಿಗಾಲಲ್ಲೇ ನಡೆದಳು.

* * *

ಅಪ್ಪನ ಜೊತೆ ದುಡಿದ ಮುದುಕರೊಬ್ಬರು ಮೂಲೆಯಲ್ಲಿ ಕೂತಿದ್ದರು. ಅವರ ಪಕ್ಕ ಕೂತು ಕೇಳಿಯೇಬಿಟ್ಟಳು.

"ಮಾಮ, ಅಪ್ಪನಿಗೆ ನನ್ನ ಮೇಲೆ ಸಿಟ್ಟಿತ್ತಾ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಕಚೇರಿಯವರು ಕೇಳಿದಾಗ ಕೊಂಡಿ ಬಿಡಿಸೋದು ಮರೆತೆ ಅಂದ, ಅಷ್ಟೆ. ನಿನ್ನ ಸುದ್ದಿ ಎತ್ತಲಿಲ್ಲ. ಒಳಗೆ ಏನಿತ್ತೋ, ಕೇಳೋಕೆ ನನಗೂ ಬಾಯಿ ಬರಲಿಲ್ಲಮ್ಮ." ಆಮೇಲೆ ಏನೋ ನೆನಪಾದವರಂತೆ, "ನಿನ್ನೆಯಿಂದ ಯಂತ್ರ ಯಾರಾದ್ರೂ ನೋಡಿದ್ರಾ?" ಎಂದರು.

ಅವಳೇ ಕೆಳಗಿಳಿದಳು. ಮೇಲೆ ಮನೆತುಂಬ ಜನ ಓಡಾಡುತ್ತಿದ್ದರೂ ಗೆರೆ ನೆಟ್ಟಗೆ ಹರಿಯುತ್ತಿತ್ತು. ನಿನ್ನೆ ಅಪ್ಪ ಹಾಕಿದ ಕೊಂಡಿ ಹಾಕಿದಂತೆಯೇ ಇತ್ತು. ಬೆಳಗಿನಿಂದ ಅವಳು ಬಂದವರನ್ನೆಲ್ಲ ತುದಿಗಾಲಲ್ಲಿ ನಡೆಸಿದ್ದು ದಂಡವಾಗಿತ್ತು. ಈ ಸಲ ಅಪ್ಪನನ್ನು ಕರೆಯಲು ಅವಳು ಓಡಿಬಂದಿರಲಿಲ್ಲ.

ಕೊಂಡಿ ಬಿಡಿಸಿದಳು. ಗೆರೆ ಒಮ್ಮೆ ತೊನೆದು ನಿಂತಿತು. ಅಷ್ಟರಲ್ಲಿ ಮೇಲೆ ಅಪ್ಪನನ್ನು ಎತ್ತಿದರು. ಹೊತ್ತವರ ಹೆಜ್ಜೆಗೆ ಗೆರೆ ನಡುಗಿತು, ಅವರು ಬೀದಿಗಿಳಿದಂತೆ ಸಣ್ಣದಾಯಿತು, ಮತ್ತೆ ನೆಟ್ಟಗಾಯಿತು.

ಅವಳು ಹಿಮ್ಮಡಿ ಎತ್ತಿ ಇದ್ದ ಬಲವನ್ನೆಲ್ಲ ಹಾಕಿ ನೆಲಕ್ಕೆ ಅಪ್ಪಳಿಸಿದಳು. ಗೆರೆ ಹಾಳೆಯ ಅಂಚಿಗೆ ಚಿಮ್ಮಿತು. ಅದು ನಿಲ್ಲುವ ಮೊದಲೇ ಇನ್ನೊಮ್ಮೆ ಅಪ್ಪಳಿಸಿದಳು.