ಮೂಲೆ ಮಿಷನ್ನು

ಜಯಪ್ರಕಾಶನಿಗೆ ವಾರಕ್ಕೆ ಎರಡು ಸಲವಾದರೂ ಡಯಾಲಿಸಿಸ್ ಆಗಲೇಬೇಕೆಂದು ಮಂಡ್ಯದ ಡಾಕ್ಟರು ಬರೆದುಕೊಟ್ಟಿದ್ದರು. ಸಿಗುತ್ತಿದ್ದುದು ಒಂದೇ ಸಲ. ಮಳವಳ್ಳಿ ರಸ್ತೆಯ ಆ ಸಣ್ಣ ಧರ್ಮಾಸ್ಪತ್ರೆಯಲ್ಲಿ ಇದ್ದ ಮಿಷನ್ನುಗಳು ಮೂರು; ಸುತ್ತಲ ಒಂದೊಂದು ಊರಿನಿಂದಲೂ ಒಬ್ಬರೋ ಇಬ್ಬರೋ ಕಾಯುತ್ತಿದ್ದರು. ಒಂದು ಸರದಿ ಮುಗಿದು ಇನ್ನೊಂದು ಬರುವಷ್ಟರಲ್ಲಿ ಅವನ ಮೈಯಲ್ಲಿ ನೀರು ಏರುತ್ತಿತ್ತು. ಮೊದಲು ಪಾದ, ಆಮೇಲೆ ಮುಖ, ಕೊನೆಗೆ ಎದೆ. ಆಗ ಮಲಗಲಾಗದೆ ಗೋಡೆಗೆ ಒರಗಿ ಕುಳಿತು, ಮುಳುಗುತ್ತಿರುವವನಂತೆ ಉಸಿರೆಳೆಯುತ್ತಿದ್ದ. ಹೆಂಡತಿ ವೀಣ ಪಕ್ಕದಲ್ಲಿ ಕುಳಿತು ಆ ಸದ್ದು ಕೇಳುತ್ತಿದ್ದಳು. ಇನ್ನೊಂದು ಸರದಿ ಸಿಕ್ಕರೆ ಉಳಿಯುತ್ತಾನೆ, ಸಿಗದಿದ್ದರೆ ಇಲ್ಲ. ಅಷ್ಟು ಅವಳಿಗೆ ಗೊತ್ತಿತ್ತು.

ಅವಳ ಕಣ್ಣೆದುರಿಗೇ ಮೂರನೆಯ ಮಿಷನ್ನು ಬಹುಪಾಲು ಹೊತ್ತು ಖಾಲಿ ಇರುತ್ತಿತ್ತು. ಅದು ಹಸಿರು ಪರದೆಯ ಹಿಂದೆ, ಮೂಲೆಯಲ್ಲಿತ್ತು. ರಕ್ತದಲ್ಲಿ ಹೆಪಟೈಟಿಸ್ ಸಿ ಸೋಂಕು ಇದ್ದವರಿಗೆ ಮಾತ್ರ. ಅಂಥವಳು ಒಬ್ಬಳೇ ಇದ್ದಳು, ಆತಗೂರು ಕಡೆಯ ಪುಟ್ಟಮಾದಮ್ಮ.

"ಸುಮ್ನೆ ಬಿದ್ದದಲ್ಲಪ್ಪ, ಇವ್ರುನ್ನ ಅಲ್ಲೇ ಮಲಗ್ಸು," ಎಂದು ವೀಣ ಟೆಕ್ನಿಷಿಯನ್ ಸಂತೋಷನನ್ನು ಕೇಳಿದಳು.

"ಅದು ಸಿ ಮಿಷನ್ನು ಕಣಕ್ಕ. ಇವ್ರುಗೂ ಅಂಟ್ಕತದೆ."

"ಅಂಟ್ಕಂಡ್ರೆ?"

"ಲಿವರ್ ಕೆಡ್ತದೆ. ನಿಧಾನುಕ್ಕೆ, ವರ್ಸಾನ್ಗಟ್ಲೆ."

"ಉಸ್ರು ಕಟ್ಟಿ ಸಾಯಕ್ಕೆ ವರ್ಸ ಬ್ಯಾಡ ಕಣಪ್ಪ."

ಪರದೆಯ ಹಿಂದಿನಿಂದ ಪುಟ್ಟಮಾದಮ್ಮ ನಕ್ಕಳು. "ನಮ್ ಕಡೀಕ್ ಬಾರವ್ವ. ಅಲ್ಲಿ ರೇಸನ್ ಅಂಗ್ಡಿ ಸಾಲು, ಇಲ್ಲಿ ನಾನೊಬ್ಳೇ ಮಾರಾಣಿ. ವಾರುಕ್ಕೆ ಮೂರ್ ಕಿತ. ಬೀಗರೂಟುಕ್ ಕುಂತಂಗೆ ಕುಂತಿವ್ನಿ ನೋಡು."

"ನಿಮ್ಗೆ ಎಂಗ್ ಬಂತು ದೊಡ್ಡಮ್ಮ?"

"ಯಾರಿಗ್ ಗೊತ್ತು? ನಮ್ಮೂರ ಪಟ್ಟಲದಮ್ಮ ಕೊಟ್ಳು ಅನ್ಕೊ. ಕೇಳುದ್ರೆ ನಿಂಗೂ ಕೊಡ್ತಾಳೆ ಬುಡು, ಇಲ್ಲ ಅನ್ನೋಳಲ್ಲ ಅವ್ಳು."

ಅಕ್ಕಪಕ್ಕದವರೆಲ್ಲ ನಕ್ಕರು. ವೀಣ ನಗಲಿಲ್ಲ.

ಶುಕ್ರವಾರ ಅವಳು ಆ ಊರಿಗೇ ಹೋಗಿ ಪಟ್ಟಲದಮ್ಮನ ಮುಂದೆ ನಿಂತು ಅರಿಶಿನದ ಕೊಂಬು ಕಟ್ಟಿದಳು. ನನ್ನ ಗಂಡನಿಗೆ ಸಿ ಬರಲಿ ತಾಯಿ, ಬಂದರೆ ಒಂದು ಹುಂಜ. ಹಾಗೆ ಕೇಳುವಾಗ ನಾಲಿಗೆ ತಡವರಿಸಲಿಲ್ಲ. ಅದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ಮುಂದೊಂದು ದಿನ ಪುಟ್ಟಮಾದಮ್ಮನ ಕೈಯ ಸೂಜಿ ಜಾರಿತು. ಕ್ಷಣದಲ್ಲಿ ಹಾಸಿಗೆ ಕೆಂಪಾಯಿತು. ಸಂತೋಷ ಓಡಿಬಂದು ಒತ್ತಿಹಿಡಿದು ಸೂಜಿ ಸರಿಮಾಡಿದ. ಸಾಮಾನ್ಯ ವಾರ್ಡಿಗೂ ಮೂಲೆಗೂ ಅವನೊಬ್ಬನೇ. ಅಷ್ಟರಲ್ಲಿ ಜಯಪ್ರಕಾಶನ ಮಿಷನ್ನು ಕಿರುಚತೊಡಗಿತು. ಸಂತೋಷ ಅದೇ ಗ್ಲೌಸಿನಲ್ಲಿ ಇತ್ತ ಓಡಿದ. ಬೆರಳ ತುದಿಯಲ್ಲಿ ರಕ್ತವಿತ್ತು.

ವೀಣ ಮಂಚದ ತಲೆಯ ಬಳಿ ನಿಂತಿದ್ದಳು. ಒಂದು ಮಾತು ಸಾಕಿತ್ತು. ಅವಳು ಆ ಬೆರಳುಗಳನ್ನು ನೋಡಿದಳು, ಗಂಡನ ತೋಳನ್ನು ನೋಡಿದಳು. ಬೆರಳು ಸೂಜಿಯ ಬಾಯಿ ಮುಟ್ಟುವವರೆಗೂ ನೋಡುತ್ತಲೇ ಇದ್ದಳು.

ಅಲ್ಲಿಂದ ಸಂತೋಷ ಗ್ಲೌಸು ಬದಲಿಸದೆ ಪಕ್ಕದ ಮಂಚಕ್ಕೆ ಹೋದ. ಅಲ್ಲಿ ಯಲಿಯೂರಿನ ಅರ್ಪಿತ, ಬಿಕಾಂ ಓದುವ ಹುಡುಗಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮಲಗಿದ್ದಳು. ಈಗ ಹೇಳಿದರೆ ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ವೀಣ ಸುಮ್ಮನಿದ್ದಳು.

ಕೆಲವು ತಿಂಗಳ ಮೇಲೆ ಎಲ್ಲರ ರಕ್ತ ಪರೀಕ್ಷೆಯಾಯಿತು. ಸಂತೋಷ ಬಿಳಿಚಿದ ಮುಖದಲ್ಲಿ ಬಂದು, "ಅಣ್ಣಂಗೂ ಬಂದದೆ ಕಣಕ್ಕ," ಎಂದ.

"ಎರಡ್ನೇ ಸರ್ದಿ ಯಾವತ್ತಿಂದ?"

ಅವನು ಅವಳ ಮುಖವನ್ನೇ ನೋಡಿದ.

ಎರಡು ಸರದಿ ಸಿಕ್ಕ ವಾರದ ಭಾನುವಾರ ಹುಂಜ ಕೊಯ್ದರು. ಜಯಪ್ರಕಾಶ ಒಂದು ತುಂಡು ಬಾಯಿಗಿಟ್ಟುಕೊಂಡು, "ಯಾವ ಅರಕೆ ಲೇ ಇದು?" ಎಂದ.

"ನೀನ್ ಉಸಾರಾಗ್ಲಿ ಅಂತ."

"ರೋಗದ ಮೇಲ್ ರೋಗ ಬಂದದೆ, ಇವ್ಳು ಉಂಜ ಕೊಯ್ತಾಳೆ," ಎಂದು ನಕ್ಕ. ಅಂದು ಅಂಗಾತ ಮಲಗಿ ನಿದ್ದೆ ಮಾಡಿದ. ಸದ್ದಿಲ್ಲದ ಆ ಉಸಿರನ್ನು ಕೇಳುತ್ತ ವೀಣ ಎಚ್ಚರವಿದ್ದಳು.

ಆದರೆ ಸೋಂಕು ಅವನೊಬ್ಬನಲ್ಲೇ ನಿಲ್ಲಲಿಲ್ಲ. ಅರ್ಪಿತಳಿಗೂ ಬಂದಿತ್ತು. ಮುಂದಿನ ಪರೀಕ್ಷೆಯಲ್ಲಿ ಇನ್ನಷ್ಟು ಜನ. ಎಲ್ಲರೂ ಪರದೆಯ ಹಿಂದಕ್ಕೆ ಬಂದರು. ಅವರು ಬಿಟ್ಟ ಸರದಿಗಳು ಕಾಯುತ್ತಿದ್ದ ಹೊಸಬರಿಗೆ ಹೋದವು. ಈಗ ಮೂಲೆ ಮಿಷನ್ನಿಗೇ ಸಾಲು. ಅರ್ಪಿತಳ ತಾಯಿ ಮಂಗಳಮ್ಮ ಬೆಂಚಿನ ಮೇಲೆ ಕುಳಿತು, "ನನ್ ಮಗೀಗ್ ಎಲ್ಲಿಂದ್ ಬಂತವ್ವ ಇದು?" ಎಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದಳು.

"ಯಾರ್ ಕಂಡವ್ರೆ ಕಣಕ್ಕ," ಎಂದಳು ವೀಣ.

ಜಯಪ್ರಕಾಶ ಮತ್ತೆ ವಾರಕ್ಕೊಂದು ಸರದಿಗೆ ಬಂದ. ನೀರು ಮತ್ತೆ ಎದೆಗೆ ಏರಿತು. ಎಲ್ಲರಿಗೂ ಒಂದೊಂದೇ ಸರದಿಯಾದರೂ ಪುಟ್ಟಮಾದಮ್ಮ ಮಾತ್ರ ಹಳಬಳೆಂದು ಜಗಳ ಮಾಡಿ ಎರಡು ಉಳಿಸಿಕೊಂಡಿದ್ದಳು.

ವೀಣ ಮತ್ತೆ ಪಟ್ಟಲದಮ್ಮನ ಬಳಿ ಹೋದಳು. ಹಿಂದಿನ ಸಲ ಗಂಡನೊಬ್ಬನಿಗೇ ಎಂದು ಅಳತೆ ಹೇಳಿರಲಿಲ್ಲ, ತಾಯಿ ಸಿಕ್ಕವರಿಗೆಲ್ಲ ಹಂಚಿಬಿಟ್ಟಳು. ಈ ಸಲ ಹೆಸರು ಹಿಡಿದು ಕೇಳಿದಳು.

ಸರದಿಯ ದಿನ ಪುಟ್ಟಮಾದಮ್ಮನದು ಮುಗಿದ ಮೇಲೆ ಜಯಪ್ರಕಾಶನದು. ವೀಣ ಪರದೆ ಸರಿಸಿ ಅವಳ ಪಕ್ಕದ ಸ್ಟೂಲಿನಲ್ಲಿ ಕುಳಿತಳು. ಹಣೆಯ ಕುಂಕುಮ ನೋಡಿ ಪುಟ್ಟಮಾದಮ್ಮ, "ನಮ್ಮಮ್ಮನ್ ತಾವ್ಕ್ ಓಗಿದ್ದಾ ಮಗ? ಅರಕೇಲಿ ನನ್ ಎಸ್ರೂ ಸೇರುಸ್ಬಾರ್ದಾಗಿತ್ತಾ?" ಎಂದಳು.

"ಸೇರ್ಸಿವ್ನಿ ದೊಡ್ಡಮ್ಮ."

"ನನ್ ತಾಯಿ," ಎಂದು ಅವಳು ಕಣ್ಣು ಮುಚ್ಚಿದಳು.

ಸ್ವಲ್ಪ ಹೊತ್ತಿಗೆ ಹಾಸಿಗೆಯ ಅಂಚು ಕಪ್ಪಗಾಗುತ್ತಿರುವುದನ್ನು ವೀಣ ಕಂಡಳು. ಸೂಜಿ ಮತ್ತೆ ಜಾರಿತ್ತು. ಮಿಷನ್ನು ಕೂಗಲಿಲ್ಲ, ತನ್ನ ಪಾಡಿಗೆ ತಿರುಗುತ್ತಿತ್ತು. ಪರದೆಯಾಚೆ ಸಂತೋಷ ಯಾರಿಗೋ ಬಿಪಿ ನೋಡುತ್ತಿದ್ದ. ಕರೆದರೆ ಕೇಳಿಸುವಷ್ಟು ಹತ್ತಿರ. ಅವನಿಗಿಂತ ಈಚೆ, ಬೆಂಚಿನಿಂದ ಗಂಡನ ಉಸಿರು ಕೇಳಿಸುತ್ತಿತ್ತು.

"ಸಳಿ ಆಯ್ತಾ ಅದೆ ಮಗ," ಎಂದಳು ಪುಟ್ಟಮಾದಮ್ಮ ಕಣ್ಣು ತೆರೆಯದೆ. "ವಸಿ ಒದ್ಸು."

ವೀಣ ಎದ್ದು ಕಂಬಳಿಯನ್ನು ಮೇಲೆಳೆದಳು. ಸೂಜಿಯಿದ್ದ ಕೈ ಪೂರ್ತಿ ಮುಚ್ಚುವಂತೆ ಕುತ್ತಿಗೆಯವರೆಗೂ ಹೊದಿಸಿ, ಅಂಚುಗಳನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ, ಮತ್ತೆ ಕುಳಿತಳು.