ವಾಲಿ ನಿಂತ ನೂರು ತೆಂಗೆ

ಅಲ್ಮಾಟಿ ನಗರದ ಬಸ್ ಕಂಡಕ್ಟರ್ ಕುಲ್ಪಾಶ್‌ಗೆ ಇದ್ದದ್ದು ಒಂದೇ ಹುಚ್ಚು: ಟಂಕಸಾಲೆಯ ತಪ್ಪು ಹಿಡಿಯುವುದು. ಒಂಬತ್ತು ವರ್ಷದಿಂದ ಚೀಲಕ್ಕೆ ಬಿದ್ದ ಚಿಲ್ಲರೆಯನ್ನೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದಳು. ಅಕ್ಷರ ಎರಡೆರಡು ಸಲ ಬಿದ್ದದ್ದಿದೆಯೇ, ಎರಡು ಲೋಹದ ನಾಣ್ಯದಲ್ಲಿ ನಡುವಿನ ಬಿಲ್ಲೆ ಓರೆಯಾಗಿ ಕೂತಿದೆಯೇ ಎಂದು. ಕಲಿಸಿದವನು ಗಡಿಯಾರ ರಿಪೇರಿಯ ಝಪ್ಪಾರ್. ಭಾನುವಾರ ಪಾರ್ಕಿನ ಬೆಂಚುಗಳಲ್ಲಿ ಸೇರುವ ನಾಣ್ಯದ ಗುಂಪಿಗೆ ಅವನೇ ಹಿರಿಯ. ಕುಲ್ಪಾಶ್‌ಗಂತೂ ಒಡಹುಟ್ಟಿದ ಅಣ್ಣನ ಹಾಗೆ. ಹೊಸ ತಪ್ಪು ಕಂಡುಹಿಡಿದವರ ಹೆಸರನ್ನು ಗುಂಪಿನವರು ವರ್ಷಕ್ಕೊಮ್ಮೆ ಪುಸ್ತಕದಲ್ಲಿ ಅಚ್ಚು ಹಾಕಿಸುತ್ತಿದ್ದರು. ಒಂದು ಸಲವಾದರೂ ಅಲ್ಲಿ ತನ್ನ ಹೆಸರು ಬರಬೇಕು, ಅಷ್ಟೇ ಅವಳ ಆಸೆ. ಅದನ್ನು ಅತಿಯಾಸೆ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಒಂದು ಚಳಿಗಾಲ ಅವಳ ಅಕ್ಕನ ಮಗನ ಮದುವೆಯಾಯಿತು. ಸೊಸೆ ಹೊಸಿಲು ದಾಟುವಾಗ ಹೆಂಗಸರು ಮಿಠಾಯಿಯ ಜೊತೆ ನಾಣ್ಯ ಎರಚಿದರು. ಶುಭವೆಂದು ಎಲ್ಲರೂ ನೆಲಕ್ಕೆ ಬಗ್ಗಿ ಆರಿಸಿದರು. ಕುಲ್ಪಾಶ್‌ಗೆ ಸಿಕ್ಕಿದ್ದು ನೂರು ತೆಂಗೆ ಬೆಲೆಯ ಒಂದು ನಾಣ್ಯ. ಮೇಲೊಂದು ಕೆಳಗೊಂದು ಬೆರಳಿಟ್ಟು ತಿರುಗಿಸಿದಳು. ನೆಟ್ಟಗೆ ನಿಲ್ಲಬೇಕಾದ ಹಿಂಬದಿಯ ಅಂಕಿ ಪಕ್ಕಕ್ಕೆ ವಾಲಿತ್ತು. ಭಾನುವಾರ ಬರುತ್ತಲೇ ಅದನ್ನು ಝಪ್ಪಾರ್‌ಗೆ ತೋರಿಸಿದಳು.

ಝಪ್ಪಾರ್ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದ. "ಇಂಥವು ಚೀಲಕ್ಕೆ ಹತ್ತು ಸಿಗ್ತವೆ, ತಂಗಿ" ಎಂದ. ಆಮೇಲೆ ದನಿ ಇಳಿಸಿ, ದೂರದ ಕರಗಂದ ಊರಲ್ಲಿರುವ, ಕುಲ್ಪಾಶ್ ಎಂದೂ ನೋಡಿರದ ಒಬ್ಬಳೇ ಮಗಳಿಗೆ ಇನ್ನೂ ಗಂಡು ಕೂಡಿಬಂದಿಲ್ಲ, ಮದುವೆಯಲ್ಲಿ ಎರಚಿದ ಈ ನಾಣ್ಯ ಅವಳ ಕೈ ಸೇರಿದರೆ ಒಳ್ಳೆಯದಾದೀತು ಎಂದ. ಹೆಣ್ಣುಮಗಳ ಕಂಕಣಬಲಕ್ಕೆಂದು ಕೇಳಿದರೆ ಇಲ್ಲವೆನ್ನುವವರು ನಮ್ಮಲ್ಲಿ ಉಂಟೇ? ಕುಲ್ಪಾಶ್ ಹರಸಿ ಕೊಟ್ಟಳು.

ಮೇ ತಿಂಗಳಲ್ಲಿ ಪುಸ್ತಕ ಬಂತು. ಪಾರ್ಕಿನಲ್ಲೇ ಚಹಾ ಇಟ್ಟಿದ್ದರು. ಝಪ್ಪಾರ್‌ನ ಮಗಳು ಗೌಹರ್ ಕರಗಂದದಿಂದ ಬಂದಿದ್ದಳು. ಅವಳ ಲಂಗ ಹಿಡಿದು ಒಂದು ಪುಟ್ಟ ಹುಡುಗಿ. ಕುಲ್ಪಾಶ್ ಹಿಗ್ಗಿ, ಮದುವೆ ಯಾವಾಗ ಆಯಿತೆಂದು ಕೇಳಿದಳು.

"ನಾಲ್ಕು ವರ್ಷ ಆಯ್ತು ಅತ್ತೆ. ಇವಳಿಗೇ ಮೂರು ತುಂಬ್ತು."

ಕುಲ್ಪಾಶ್ ಪುಸ್ತಕ ತೆರೆದಳು. ಮೊದಲ ಪುಟದಲ್ಲೇ ಆ ನೂರು ತೆಂಗೆಯ ಚಿತ್ರ. ಹೀಗೆ ವಾಲಿದ್ದು ಇದುವರೆಗೆ ಇದೊಂದೇ ಎಂದು ಬರೆದಿತ್ತು. ಕಂಡುಹಿಡಿದವರು: ಝಪ್ಪಾರ್.

ಕುರಿ ಕಟುಕನನ್ನೇ ನಂಬುವುದು ಎಂಬ ಮಾತು ಸುಳ್ಳಲ್ಲ. ಹಿಂದೆ ತಾನು ತೋರಿಸಿದಾಗ ಅವನು ಉಪಯೋಗವಿಲ್ಲವೆಂದು ತೆಗೆದಿಟ್ಟುಕೊಂಡ ನಾಣ್ಯಗಳೆಲ್ಲ ಅವಳ ಕಣ್ಣ ಮುಂದೆ ಬಂದವು. ನಂಬಿದ ಕೈಯೇ ಕತ್ತು ಕೊಯ್ದಂತೆ ಸಂಕಟವಾಯಿತು. ಹೋಗಿ ಅವನನ್ನೇ ಕೇಳಿದಳು.

"ನೀನೇ ಕೊಟ್ಟೆಯಲ್ಲ, ನಾನೇನು ಕಿತ್ಕೊಂಡ್ನಾ?" ಎಂದ ಝಪ್ಪಾರ್, ಬೇಕಾದರೆ ತೆಗೆದುಕೋ ಎಂದು ಜೇಬಿಗೆ ಕೈ ಹಾಕಿದ. ನಾಣ್ಯ ಬೇಡ, ನನ್ನ ಹೆಸರು ಹಾಕಿಸಿ ಎಂದಳು ಕುಲ್ಪಾಶ್.

"ಬಸ್ ಕಂಡಕ್ಟರ್ ಕಂಡುಹಿಡಿದ್ಲು ಅಂತ ಹಾಕಿದ್ರೆ ಯಾರು ನಂಬ್ತಾರೆ ಹೇಳು" ಎಂದ ಮೆತ್ತಗೆ, ಪಾಠ ಹೇಳುವ ದನಿಯಲ್ಲೇ.

ಅಷ್ಟರಲ್ಲಿ ಗೌಹರ್ ಚಹಾ ತಂದು ಅವಳ ಮುಂದೆ ಹಿಡಿದಳು. ಕುಲ್ಪಾಶ್ ಬಟ್ಟಲು ಮುಟ್ಟಲಿಲ್ಲ.

"ನಿನಗೆ ಗಂಡು ಸಿಗ್ಲಿ ಅಂತ ಏಳು ಶುಕ್ರವಾರ ಹರಕೆಯ ರೊಟ್ಟಿ ಕರಿದು ನೆರೆಹೊರೆಗೆಲ್ಲ ಹಂಚಿದೆ ಮಗಳೇ" ಎಂದಳು. "ನಿಮ್ಮಪ್ಪನೂ ಬಂದಿದ್ರು. ತಿಂದು, ಆಮೀನ್ ಅಂದ್ರು."